ಪುಸ್ತಕದ ಮಾತು: ಒಂದು ಮದುವೆ ಮುಗಿದ ಮೇಲೆ ಇನ್ನೊಂದು

ಹಿಂದಿನ ಸಂಚಿಕೆಯಲ್ಲಿ ಯಾರದೋ ಪ್ರಶ್ನೆಗೆ ಉತ್ತರಿಸುತ್ತಾ, ಇಂಗ್ಲಿಷಿನ ಐತಿಹಾಸಿಕ ಪ್ರೇಮಕಾದಂಬರಿಗಳ ಸರಣಿಗಳೆಂದರೆ ನನಗೆ ಪ್ರಾಣ ಎಂದು ಬರೆದಿದ್ದೆ. ಉಳಿದ ಉತ್ತರಗಳಿಗಿಂತ ಆ ಒಂದು ಸಾಲಿಗೆ ಬಂದ ಪತ್ರಗಳೇ ಜಾಸ್ತಿ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಈ ಪುಸ್ತಕಗಳಲ್ಲಿ ಕೊನೆಗೆ ಮದುವೆ ಆಗೇ ಆಗುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಗೊತ್ತಿರುವ ಕಥೆಯನ್ನು ಏಳೆಂಟು ಪುಸ್ತಕಗಳ ತನಕ ಓದುವುದರಲ್ಲಿ ಏನು ಸುಖ? (ಧಾರವಾಡದ ಓದುಗರೊಬ್ಬರು)

ಸುಖ ಇರುವುದೇ ಅಲ್ಲಿ. ಗಿರಿಜಾ ಕಲ್ಯಾಣದ ಹರಿಕಥೆಗೆ ಹೋದವರು ಶಿವ ಒಪ್ಪುತ್ತಾನೋ ಇಲ್ಲವೋ ಅಂತ ತಲೆ ಕೆಡಿಸಿಕೊಳ್ಳುತ್ತಾರಾ? ದಾಸರು ಹೇಗೆ ಹೇಳುತ್ತಾರೆ ಅಂತ ಕಿವಿಗೊಟ್ಟು ಕೂರುತ್ತಾರೆ. ಕೊನೆ ಗೊತ್ತಿದ್ದರೆ ಓದುವವರಿಗೆ ಅವಸರ ಇರುವುದಿಲ್ಲ. ಇಬ್ಬರು ಹೇಗೆ ಮಾತಾಡುತ್ತಾರೆ, ಯಾವ ಮಾತಿಗೆ ಯಾರ ಮುಖ ಸಪ್ಪೆಯಾಗುತ್ತದೆ, ಯಾರು ಯಾರನ್ನು ಯಾವಾಗ ಮೊದಲ ಸಲ ಸರಿಯಾಗಿ ನೋಡುತ್ತಾರೆ, ಇವೆಲ್ಲ ಕಣ್ಣಿಗೆ ಬೀಳುತ್ತವೆ.

ಇದು ಒಂಟಿ ಕಾದಂಬರಿಯಲ್ಲೂ ಸಿಗುತ್ತದೆ ಅನ್ನಿ. ಸರಣಿಯಲ್ಲಿ ಇನ್ನೊಂದು ಸಿಗುತ್ತದೆ. ಮದುವೆಯಾದವರು ಅಲ್ಲೇ ಇರುತ್ತಾರೆ. ಮುಂದಿನ ಪುಸ್ತಕದಲ್ಲಿ ಯಾರದೋ ಮನೆಯ ಊಟಕ್ಕೆ ಬರುತ್ತಾರೆ, ಮಗುವನ್ನು ಎತ್ತಿಕೊಂಡಿರುತ್ತಾರೆ, ಸಣ್ಣ ವಿಷಯಕ್ಕೆ ಜಗಳ ಆಡುತ್ತಾರೆ. ಅವರು ಚೆನ್ನಾಗಿದ್ದಾರೆ ಅಂತ ನಮಗೆ ಗೊತ್ತಾಗುತ್ತದೆ. ನನಗಂತೂ ಇದಕ್ಕಿಂತ ದೊಡ್ಡ ಸಮಾಧಾನ ಬೇರೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ಒಂದು ಸರಣಿಯನ್ನೇ ಹಿಡಿದು ಹೇಳುತ್ತೇನೆ. ಮೇರಿ ಬ್ಯಾಲಗ್ ಅವರ 'ಸರ್ವೈವರ್ಸ್ ಕ್ಲಬ್'. ಈಕೆ ವೇಲ್ಸ್‌ನಲ್ಲಿ ಹುಟ್ಟಿದವರು. ಕೆನಡಾಕ್ಕೆ ಹೋಗಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಈ ಸರಣಿಯಲ್ಲಿ ಏಳು ಕಾದಂಬರಿಗಳಿವೆ, 2012ರಿಂದ 2016ರವರೆಗೆ ಬಂದವು. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಮುರಿದುಹೋದ ಏಳು ಜನರ ಕಥೆ. ಒಬ್ಬನಿಗೆ ಕಣ್ಣು ಹೋಗಿದೆ. ಒಬ್ಬನ ಕಾಲುಗಳು ನಜ್ಜುಗುಜ್ಜಾಗಿವೆ. ಒಬ್ಬನಿಗೆ ತಲೆಗೆ ಪೆಟ್ಟು ಬಿದ್ದು ಮಾತು ತಡವರಿಸುತ್ತದೆ, ನೆನಪಿನಲ್ಲಿ ತೂತುಗಳಿವೆ. ಮೊದಲ ಪುಸ್ತಕದ ಹ್ಯೂಗೋಗೆ ಮೈಮೇಲೆ ಒಂದು ಗೀರೂ ಇಲ್ಲ. ಬದುಕಿ ಬರುವ ಆಸೆಯೇ ಇಲ್ಲದ ದಾಳಿಯೊಂದರ ಮುಂದಾಳಾಗಿ ಹೋಗಿ, ತನ್ನ ಸೈನಿಕರಲ್ಲಿ ಬಹುಪಾಲು ಜನರನ್ನು ಕಳೆದುಕೊಂಡು, ತಾನು ಮಾತ್ರ ಗಟ್ಟಿಯಾಗಿ ವಾಪಸ್ ಬಂದಿದ್ದಾನೆ. ಅವನಿಗೆ ಕೆಟ್ಟಿದ್ದು ಮನಸ್ಸು. ಏಳು ಜನರಲ್ಲಿ ಒಬ್ಬಳೇ ಹೆಂಗಸು, ಇಮೋಜೆನ್. ಗಂಡನನ್ನು ಯುದ್ಧದಲ್ಲಿ ಕಳೆದುಕೊಂಡವಳು.

ಇವರನ್ನೆಲ್ಲ ಸೇರಿಸಿದವನು ಜಾರ್ಜ್, ಸ್ಟ್ಯಾನ್‌ಬ್ರೂಕ್‌ನ ಡ್ಯೂಕ್ (ಇಂಗ್ಲೆಂಡಿನ ಶ್ರೀಮಂತರಲ್ಲಿ ಎಲ್ಲಕ್ಕಿಂತ ದೊಡ್ಡ ಬಿರುದು ಇದು). ಅವನು ಯುದ್ಧಕ್ಕೇ ಹೋದವನಲ್ಲ. ಒಬ್ಬನೇ ಮಗ ಹೋಗಿ ಸತ್ತ. ಆಮೇಲೆ ಹೆಂಡತಿಯೂ ಬಂಡೆಯಿಂದ ಹಾರಿ ಸತ್ತಳು. ಅವನು ಕಾರ್ನ್‌ವಾಲ್ ಕಡಲತೀರದ ತನ್ನ ದೊಡ್ಡ ಮನೆಯನ್ನು ಗಾಯಾಳುಗಳ ಆಸ್ಪತ್ರೆ ಮಾಡಿಬಿಟ್ಟ. ವಾಸಿಯಾದವರು ಮನೆಗೆ ಹೋದ ಮೇಲೂ ವರ್ಷಕ್ಕೊಮ್ಮೆ ಕೆಲವು ವಾರ ಒಟ್ಟಿಗೆ ಸೇರುತ್ತಾರೆ. ರಾತ್ರಿ ಬೆಂಕಿಯ ಸುತ್ತ ಕೂತು, ಈ ವರ್ಷ ತನಗೆ ಏನು ಕಷ್ಟವಾಯಿತು ಅಂತ ಒಬ್ಬೊಬ್ಬರೂ ಹೇಳಿಕೊಳ್ಳುತ್ತಾರೆ. ಉಳಿದವರು ಕೇಳುತ್ತಾರೆ, ಅಷ್ಟೇ. ಆ ರಾತ್ರಿಗಳ ಪುಟಗಳನ್ನು ನಾನು ಮತ್ತೆ ಮತ್ತೆ ಓದಿದ್ದೇನೆ.

ಎರಡನೇ ಪುಸ್ತಕದ ನಾಯಕ ವಿನ್ಸೆಂಟ್, ಕಣ್ಣು ಕಾಣದ ಹುಡುಗ. ಹದಿನೇಳನೇ ವಯಸ್ಸಿನಲ್ಲಿ ಮೊದಲ ಕದನದಲ್ಲೇ ಕಣ್ಣು ಕಳೆದುಕೊಂಡ. ಅವನು ಊರಿನ ಸಂಗೀತದ ಟೀಚರ್ ಹತ್ತಿರ ಹಾರ್ಪ್ ಕಲಿಯುತ್ತಾನೆ. ಆ ಟೀಚರ್ ಹೆಸರು ಮಿಸ್ ಡೆಬಿನ್ಸ್. ಅವಳಿಗೆ ಆ ಪುಸ್ತಕದಲ್ಲಿ ಇರುವ ಜಾಗ ಬಹಳ ಕಡಿಮೆ. ಓದುವಾಗ ಯಾರೂ ಅವಳ ಬಗ್ಗೆ ಜಾಸ್ತಿ ಯೋಚಿಸುವುದಿಲ್ಲ. ನಾಲ್ಕನೇ ಪುಸ್ತಕದಲ್ಲಿ ಅವಳ ತಂಗಿಯೇ ನಾಯಕಿ. ಒಂದು ಸಂಜೆ ಮಿಸ್ ಡೆಬಿನ್ಸ್ ಪಿಯಾನೋ ನುಡಿಸುತ್ತಾಳೆ, ಜಾರ್ಜ್ ಕೇಳುತ್ತಾನೆ. ಅಲ್ಲಿಗೆ ಅದು ಮುಗಿಯಿತು ಅನ್ನಿಸುತ್ತದೆ. ಆಮೇಲೆ ಒಬ್ಬೊಬ್ಬರದೇ ಮದುವೆಯಾಗುತ್ತದೆ. ಎಲ್ಲರ ಮದುವೆಯಲ್ಲೂ ಓಡಾಡಿದ ಜಾರ್ಜ್ ಒಬ್ಬನೇ ಉಳಿಯುತ್ತಾನೆ. ಏಳನೇ ಪುಸ್ತಕ 'ಓನ್ಲಿ ಬಿಲವೆಡ್' ಶುರುವಾಗುತ್ತಿದ್ದ ಹಾಗೇ ಆ ನಲವತ್ತೆಂಟರ ಡ್ಯೂಕ್ ಹಳ್ಳಿಗೆ ಗಾಡಿ ಕಟ್ಟಿಸಿಕೊಂಡು ಬಂದು, ಮೂವತ್ತೊಂಬತ್ತರ ಸಂಗೀತದ ಟೀಚರನ್ನು ನೇರವಾಗಿ ಕೇಳುತ್ತಾನೆ, ನನ್ನನ್ನು ಮದುವೆಯಾಗುತ್ತೀರಾ ಅಂತ.

ನಾನು ಅಲ್ಲಿ ಪುಸ್ತಕ ಮುಚ್ಚಿ ಅಡುಗೆಮನೆಗೆ ಹೋಗಿ ಸುಮ್ನೆ ನಿಂತುಕೊಂಡೆ. ಅಷ್ಟು ಸಂತೋಷವಾಗಿತ್ತು. ಏಳನೇ ಪುಸ್ತಕವೊಂದನ್ನೇ ಓದಿದವರಿಗೂ ಆ ದೃಶ್ಯ ಇಷ್ಟವಾಗುತ್ತದೆ. ಆದರೆ ಆರು ಪುಸ್ತಕಗಳಲ್ಲಿ ಜಾರ್ಜ್ ಉಳಿದವರ ಕಣ್ಣೀರು ಒರೆಸಿದ್ದನ್ನು ನೋಡಿದವರಿಗೆ, ಅವನಿಗೂ ಯಾರಾದರೂ ಇರಬಾರದಾ ಅಂತ ವರ್ಷಗಟ್ಟಲೆ ಅಂದುಕೊಂಡವರಿಗೆ, ಆ ಬಾಗಿಲು ತಟ್ಟಿದ ಸದ್ದು ಬೇರೆಯೇ ರೀತಿ ಕೇಳುತ್ತದೆ. ನೀವು ಕೇಳಿದ ಸುಖ ಇದು.

ಸರಣಿಯನ್ನು ಕ್ರಮವಾಗಿಯೇ ಓದಬೇಕಾ? ಹಳೇ ಪುಸ್ತಕದ ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ತಂದು ಓದಿದರೆ ಆಗುವುದಿಲ್ಲವಾ? (ಉಡುಪಿಯ ಓದುಗರು)

ಆಗುತ್ತದೆ. ಪ್ರತಿ ಪುಸ್ತಕದಲ್ಲೂ ಒಂದು ಜೋಡಿಯ ಕಥೆ ಪೂರ್ತಿ ಇರುತ್ತದೆ. ಆದರೂ ನನ್ನನ್ನು ಕೇಳಿದರೆ, ಎರಡು ಸರಣಿಗಳನ್ನು ಮಾತ್ರ ದಯವಿಟ್ಟು ಹಿಂದೆ ಮುಂದೆ ಮಾಡಬೇಡಿ.

ಒಂದು, ಜೂಲಿಯಾ ಕ್ವಿನ್ ಅವರ ಬ್ರಿಜರ್ಟನ್ ಸರಣಿ. ಎಂಟು ಮಕ್ಕಳ ಮನೆ. ಆಂಥನಿ, ಬೆನೆಡಿಕ್ಟ್, ಕಾಲಿನ್, ಡ್ಯಾಫ್ನಿ, ಎಲೋಯಿಸ್, ಫ್ರಾನ್ಸೆಸ್ಕಾ, ಗ್ರೆಗರಿ, ಹಯಸಿಂತ್ ಅಂತ ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲೇ ಹೆಸರಿಟ್ಟಿದ್ದಾರೆ. 2000ದಿಂದ 2006ರೊಳಗೆ ಎಂಟು ಪುಸ್ತಕಗಳು, ಒಬ್ಬೊಬ್ಬರಿಗೆ ಒಂದೊಂದು. ಊರಿನ ಗುಟ್ಟನ್ನೆಲ್ಲ ಬಯಲು ಮಾಡುವ ಒಂದು ಪತ್ರಿಕೆ ಮೊದಲ ಪುಸ್ತಕದಿಂದಲೂ ಇದೆ. ಬರೆಯುವವರು ಯಾರು ಅಂತ ಗೊತ್ತಾಗುವುದು ನಾಲ್ಕನೆಯದರಲ್ಲಿ. ಆ ನಾಲ್ಕನೆಯದನ್ನೇ ಮೊದಲು ಓದಿಬಿಟ್ಟರೆ ಮೂರು ಪುಸ್ತಕಗಳ ಕುತೂಹಲವನ್ನು ಕೈಯಾರೆ ಹಾಳು ಮಾಡಿಕೊಂಡ ಹಾಗೆ. ನೆಟ್‌ಫ್ಲಿಕ್ಸ್‌ನವರು ಮೊದಲ ಸೀಸನ್ನಿನ ಕೊನೆಯಲ್ಲೇ ಅದನ್ನು ಹೇಳಿಬಿಟ್ಟರು. ನನಗೆ ಅದು ಸರಿ ಕಾಣಲಿಲ್ಲ. ಹಾಗಾಗಿ ಟೀವಿಯಲ್ಲಿ ನೋಡದವರು ಪುಣ್ಯವಂತರು, ಮೊದಲು ಪುಸ್ತಕ ಓದಿ.

ಇನ್ನೊಂದು ಲೀಸಾ ಕ್ಲೇಪಸ್ ಅವರ 'ವಾಲ್‌ಫ್ಲವರ್ಸ್'. ನಾಲ್ಕು ಪುಸ್ತಕಗಳು, 2004ರಿಂದ 2006. ಕಥೆ ನಡೆಯುವುದು 1840ರ ದಶಕದಲ್ಲಿ. ಯಾರೂ ಕುಣಿಯಲು ಕರೆಯದೆ ಗೋಡೆ ಪಕ್ಕ ಕುರ್ಚಿ ಹಿಡಿದು ಕೂತ ನಾಲ್ಕು ಹುಡುಗಿಯರು, ನಾವೇ ಒಬ್ಬರಿಗೊಬ್ಬರು ಗಂಡು ಹುಡುಕೋಣ, ಎಲ್ಲರಿಗಿಂತ ದೊಡ್ಡವಳಿಂದ ಶುರು ಮಾಡೋಣ ಅಂತ ಒಪ್ಪಂದ ಮಾಡಿಕೊಳ್ಳುತ್ತಾರೆ. ಆ ಸ್ನೇಹವೇ ಸರಣಿಯ ಬೆನ್ನೆಲುಬು. ಇಲ್ಲಿ ಎರಡನೇ ಪುಸ್ತಕದ ಕೊನೆಗೆ ಸೇಂಟ್ ವಿನ್ಸೆಂಟ್ ಎನ್ನುವವನು ಗೆಳೆಯ ಮದುವೆಯಾಗಬೇಕಿದ್ದ ಹುಡುಗಿಯನ್ನೇ ಎತ್ತಿಕೊಂಡು ಹೋಗುತ್ತಾನೆ. ಓದುವವರಿಗೆ ಅವನ ಮೇಲೆ ಸಿಟ್ಟು ಬಂದೇ ಬರುತ್ತದೆ. ಮೂರನೇ ಪುಸ್ತಕ ತೆರೆದರೆ ನಾಯಕನೇ ಅವನು! ಎರಡನೆಯದನ್ನು ಬಿಟ್ಟು ಮೂರನೆಯದನ್ನು ಓದಿದವರಿಗೆ ಅವನು ಒಬ್ಬ ಪೋಲಿ ಶ್ರೀಮಂತ ಅಷ್ಟೇ. ಕ್ರಮವಾಗಿ ಬಂದವರು ಅವನನ್ನು ಕ್ಷಮಿಸಬೇಕೋ ಬೇಡವೋ ಅಂತ ಪುಟಪುಟಕ್ಕೂ ತಮ್ಮೊಳಗೇ ಜಗಳ ಆಡಬೇಕಾಗುತ್ತದೆ.

ಬ್ರಿಜರ್ಟನ್ ಎರಡನೇ ಸೀಸನ್ನಿನಲ್ಲಿ ನಾಯಕಿ ಭಾರತದ ಹುಡುಗಿ, ಅಪ್ಪನನ್ನು 'ಅಪ್ಪ' ಅಂತಲೇ ಕರೆಯುತ್ತಾಳೆ. ಪುಸ್ತಕದಲ್ಲೂ ಹಾಗೇ ಇದೆಯಾ? (ಬೆಂಗಳೂರಿನ ವಿದ್ಯಾರ್ಥಿನಿ)

ಇಲ್ಲ. ಪುಸ್ತಕದಲ್ಲಿ ಅವಳು ಕೇಟ್ ಶೆಫೀಲ್ಡ್, ಅಪ್ಪಟ ಇಂಗ್ಲಿಷ್ ಹುಡುಗಿ. 2022ರ ಸೀಸನ್ನಿಗಾಗಿ ಅವಳನ್ನು ಕೇಟ್ ಶರ್ಮಾ ಮಾಡಿದರು. ಆ ಬದಲಾವಣೆ ನನಗೆ ಇಷ್ಟ. ಹಾಗಂತ ಪುಸ್ತಕ ಬಿಡಬೇಡಿ. ಅಪ್ಪ ಜೇನುಹುಳು ಕಚ್ಚಿ ಮೂವತ್ತೆಂಟನೇ ವಯಸ್ಸಿಗೆ ಸತ್ತ, ನಾನೂ ಆ ವಯಸ್ಸು ದಾಟುವುದಿಲ್ಲ ಅಂತ ಗಟ್ಟಿಯಾಗಿ ನಂಬಿದ ನಾಯಕ ಆಂಥನಿಯ ಭಯ ಪುಸ್ತಕದಲ್ಲಿ ಇನ್ನೂ ಚೆನ್ನಾಗಿ ಬಂದಿದೆ. ಕೇಟ್‌ಗೆ ಗುಡುಗು ಸಿಡಿಲೆಂದರೆ ನಡುಕ. ಮಳೆಯ ರಾತ್ರಿ ಅವಳು ಮೇಜಿನ ಕೆಳಗೆ ಮುದುಡಿ ಕೂತಿರುವ ದೃಶ್ಯವನ್ನು ಓದಿ ನೋಡಿ.

ನಾನು ಇತಿಹಾಸದ ನಿವೃತ್ತ ಮೇಷ್ಟ್ರು. ಈ ಕಾದಂಬರಿಗಳಲ್ಲಿ ಇತಿಹಾಸ ಎಷ್ಟು, ಬರೀ ಬಟ್ಟೆಬರೆ ಎಷ್ಟು? (ಮಂಡ್ಯ ಜಿಲ್ಲೆಯಿಂದ)

ಮೇಷ್ಟ್ರೇ, ನಿಮ್ಮ ಪ್ರಶ್ನೆ ನೋಡಿ ಬಹಳ ಖುಷಿಯಾಯಿತು.

ಇವುಗಳಲ್ಲಿ ಬಹಳಷ್ಟು ನಡೆಯುವುದು ರೀಜೆನ್ಸಿ ಕಾಲದಲ್ಲಿ, ಅಂದರೆ 1811ರಿಂದ 1820. ಮೂರನೇ ಜಾರ್ಜ್ ದೊರೆಗೆ ಬುದ್ಧಿ ಸ್ಥಿಮಿತ ತಪ್ಪಿತ್ತು, ಮಗ ಅವನ ಹೆಸರಿನಲ್ಲಿ ಆಳುತ್ತಿದ್ದ. ಈ ಕಾಲವನ್ನು ಪ್ರೇಮಕಾದಂಬರಿಗೆ ತಂದು ಕೂರಿಸಿದವರು ಜಾರ್ಜೆಟ್ ಹೇಯರ್ (1902–1974). ಆಕೆ ಅಂದಿನ ಗಾಡಿ, ಟೋಪಿ, ಬೈಗುಳ, ಬೆಲೆ ಎಲ್ಲವನ್ನೂ ನೋಟ್‌ಬುಕ್ಕುಗಳಲ್ಲಿ ಗುರುತು ಹಾಕಿಕೊಂಡು ಬರೆಯುತ್ತಿದ್ದರು. ಆಕೆಯದೂ ಒಂದು ವಂಶದ ಕಥೆ ಇದೆ. 1926ರ 'ದೀಸ್ ಓಲ್ಡ್ ಶೇಡ್ಸ್'ನಲ್ಲಿ ಒಬ್ಬ ಡ್ಯೂಕ್, 1932ರ 'ಡೆವಿಲ್ಸ್ ಕಬ್'ನಲ್ಲಿ ಅವನ ಮಗ, 1937ರ 'ಆ್ಯನ್ ಇನ್‌ಫೇಮಸ್ ಆರ್ಮಿ'ಯಲ್ಲಿ ಆ ಮಗನ ಮೊಮ್ಮಗಳು. ಮೂರನೆಯದು ನೆಪೋಲಿಯನ್ ಸೋತ ವಾಟರ್ಲೂ ಕದನದ ಕಾದಂಬರಿ. 1815ರ ಜೂನ್ 15ರ ರಾತ್ರಿ ಬ್ರಸೆಲ್ಸ್‌ನಲ್ಲಿ ರಿಚ್ಮಂಡ್ ಡಚೆಸ್ ಕೊಟ್ಟ ಬಾಲ್, ಅಂದರೆ ಕುಣಿತದ ಔತಣ, ನಿಜವಾಗಿ ನಡೆದದ್ದು. ಕುಣಿತದ ನಡುವೆಯೇ ನೆಪೋಲಿಯನ್ ಮುನ್ನುಗ್ಗಿದ ಸುದ್ದಿ ಬಂತು. ಕೆಲವರು ಬಾಲ್‌ಗೆ ತೊಟ್ಟ ಬಟ್ಟೆಯಲ್ಲೇ ಯುದ್ಧಕ್ಕೆ ಹೋದರು. ಮೂರು ದಿನಕ್ಕೆ ವಾಟರ್ಲೂ. ಹೇಯರ್ ಆ ಕದನವನ್ನು ಗಂಟೆಗಂಟೆಗೆ ಬಿಡಿಸಿ ಬರೆದಿದ್ದಾರೆ. ಪ್ರೇಮಕಥೆಗೆ ಅಂತ ಬಂದವರು ಅಲ್ಲಿ ತೋಪಿನ ಹೊಗೆಯಲ್ಲಿ ಸಿಕ್ಕಿಕೊಳ್ಳುತ್ತಾರೆ.

ಈ ಪುಸ್ತಕಗಳಲ್ಲಿ ಎಲ್ಲರೂ ತಲೆಬಾಗುವ, ವಾಟರ್ಲೂ ಗೆದ್ದ ಆ ವೆಲಿಂಗ್ಟನ್ ಡ್ಯೂಕ್ ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ. ನಿಮ್ಮ ಶ್ರೀರಂಗಪಟ್ಟಣದ ಆರ್ಥರ್ ವೆಲ್ಲೆಸ್ಲಿ! 1799ರ ಏಪ್ರಿಲ್‌ನಲ್ಲಿ ಸುಲ್ತಾನ್‌ಪೇಟೆ ತೋಪಿನ ಕತ್ತಲಲ್ಲಿ ದಾರಿ ತಪ್ಪಿ ಸೋತವನು. ಮೇ 4ರಂದು ಟಿಪ್ಪು ಬಿದ್ದ ಮೇಲೆ ಪಟ್ಟಣದ ಆಡಳಿತ ವಹಿಸಿಕೊಂಡು ದರಿಯಾ ದೌಲತ್‌ನಲ್ಲಿ ವಾಸವಾಗಿದ್ದವನು. ಅಲ್ಲಿನ ಗೋಡೆ ಚಿತ್ರಗಳನ್ನು ಮತ್ತೆ ಬರೆಸಿದವನೂ ಅವನೇ. ಲಂಡನ್ನಿನ ಬಾಲ್‌ರೂಮಿನಲ್ಲಿ ಅವನು ಬಂದ ಕೂಡಲೇ ಹುಡುಗಿಯರು ಬೆರಗಾಗುವ ಪುಟ ಓದುವಾಗ ನನಗೆ ದರಿಯಾ ದೌಲತ್‌ನ ಮರದ ಕಂಬಗಳೇ ಕಣ್ಮುಂದೆ ಬರುತ್ತವೆ. ನಾಯಕಿಯರು ಉಡುವ ತೆಳು ಮಸ್ಲಿನ್‌ನ ಒಳ್ಳೊಳ್ಳೆಯದೆಲ್ಲ ಬಂಗಾಳದಿಂದ ಹೋದದ್ದು. ಹೆಗಲ ಮೇಲಿನ ಶಾಲು ಕಾಶ್ಮೀರದ್ದು.

ಸುಳ್ಳು ಎಲ್ಲಿದೆ ಅಂದರೆ, ಡ್ಯೂಕ್‌ಗಳ ಲೆಕ್ಕದಲ್ಲಿ. ರಾಜಮನೆತನ ಬಿಟ್ಟರೆ ಆಗ ಇದ್ದವರು ಸುಮಾರು ಮೂವತ್ತು ಜನ, ಅವರಲ್ಲೂ ವಯಸ್ಸಾದವರು ಎಷ್ಟೋ. ಕಾದಂಬರಿಗಳಲ್ಲಿ ಬೀದಿಗೊಬ್ಬ ಮೂವತ್ತರ ಸುಂದರ ಡ್ಯೂಕ್ ಇರುತ್ತಾನೆ. ಅದನ್ನು ಬೇಕಾದರೆ ಬಿಡಿ. ನನಗೆ ಬೇಸರ ತರುವುದು ಬೇರೆ. ಆ ದೊಡ್ಡ ಮನೆಗಳ ದುಡ್ಡು ಎಲ್ಲಿಂದ ಬಂತು ಅಂತ ಬಹಳ ಪುಸ್ತಕಗಳು ಕೇಳುವುದೇ ಇಲ್ಲ. ಕೆರಿಬಿಯನ್‌ನ ಕಬ್ಬಿನ ತೋಟಗಳಲ್ಲಿ ಗುಲಾಮರು ದುಡಿದ ದುಡ್ಡು ಎಷ್ಟು, ಈಸ್ಟ್ ಇಂಡಿಯಾ ಕಂಪನಿ ನಮ್ಮಲ್ಲಿಂದ ಹೊತ್ತುಕೊಂಡು ಹೋದದ್ದು ಎಷ್ಟು? ಹೇಯರ್ ಪುಸ್ತಕಗಳಲ್ಲಿ ಸಾಲ ಕೊಡುವ ಯಹೂದಿಯನ್ನು ಚಿತ್ರಿಸಿದ ರೀತಿಯೂ ಓದಲು ನೋವಾಗುತ್ತದೆ, 1950ರ 'ದ ಗ್ರ್ಯಾಂಡ್ ಸೋಫಿ' ಅದಕ್ಕೆ ಉದಾಹರಣೆ.

ಈ ಕೊರತೆಯನ್ನು ತುಂಬಿದವರನ್ನೂ ಓದಬೇಕು. ಬೆವರ್ಲಿ ಜೆಂಕಿನ್ಸ್ ಅಮೆರಿಕದವರು. 1994ರ 'ನೈಟ್ ಸಾಂಗ್' ನಡೆಯುವುದು ಅಂತರ್ಯುದ್ಧದ ನಂತರದ ಕಾನ್ಸಾಸ್‌ನಲ್ಲಿ. ನಾಯಕಿ ಶಾಲೆಯ ಟೀಚರ್, ನಾಯಕ ಸೈನಿಕ, ಇಬ್ಬರೂ ಕಪ್ಪು ಜನ. ಗುಲಾಮಗಿರಿ ದಾಟಿ ಬಂದವರಿಗೂ ಪ್ರೇಮಕಥೆ ಇದೆ, ಸುಖದ ಕೊನೆ ಇದೆ ಅಂತ ಆಕೆ ಬರೆದು ತೋರಿಸಿದರು. ಪುಸ್ತಕದ ಕೊನೆಯಲ್ಲಿ ತಾನು ಓದಿದ ಇತಿಹಾಸದ ಪುಸ್ತಕಗಳ ಪಟ್ಟಿ ಕೊಡುವ ಅಭ್ಯಾಸವೂ ಆಕೆಗಿದೆ. ನಿಮಗೆ ಇಷ್ಟವಾಗುತ್ತದೆ.

ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ಈ ನಾಯಕಿಯರಿಗೆ ಮದುವೆ ಬಿಟ್ಟು ಬೇರೆ ಯೋಚನೆಯೇ ಇಲ್ಲವಾ? ಇವತ್ತಿನ ಹುಡುಗಿಯರು ಯಾಕೆ ಓದಬೇಕು? (ಬಳ್ಳಾರಿಯಿಂದ)

ಅವರಿಗೆ ಮದುವೆಯ ಯೋಚನೆ ಇರುವುದು ಅದರ ಮೇಲೆ ಊಟ, ಸೂರು, ಮಾನ ಎಲ್ಲ ನಿಂತಿದ್ದರಿಂದ. ಆಸ್ತಿ ಎಲ್ಲ ದೊಡ್ಡ ಮಗನಿಗೆ. ಹೆಣ್ಣು ಮದುವೆಯಾದ ಕೂಡಲೇ ಅವಳ ಕೈಯಲ್ಲಿದ್ದ ದುಡ್ಡು ಗಂಡನದು. ಗಂಡ ಕೆಟ್ಟವನಾದರೆ ಬಿಡುಗಡೆ ಇಲ್ಲ. 1857ಕ್ಕೆ ಮುಂಚೆ ಪೂರ್ತಿ ವಿಚ್ಛೇದನ ಬೇಕಿದ್ದರೆ ಇಂಗ್ಲೆಂಡಿನಲ್ಲಿ ಪಾರ್ಲಿಮೆಂಟೇ ಒಂದು ಕಾಯ್ದೆ ಮಾಡಬೇಕಿತ್ತು. ಅಂಥ ಕಾಲದಲ್ಲಿ ಯಾರನ್ನು ಮದುವೆಯಾಗಬೇಕು ಅನ್ನುವುದು ಹುಡುಗಿಯೊಬ್ಬಳು ಬದುಕಿನಲ್ಲಿ ಮಾಡಬಹುದಾಗಿದ್ದ ಎಲ್ಲಕ್ಕಿಂತ ದೊಡ್ಡ ತೀರ್ಮಾನ. ಒಳ್ಳೆಯ ಲೇಖಕಿಯರು ಈ ಕಾನೂನನ್ನೇ ಕಥೆ ಮಾಡಿಕೊಂಡಿದ್ದಾರೆ.

ಮೇಲೆ ಹೇಳಿದ ಸೇಂಟ್ ವಿನ್ಸೆಂಟ್‌ನ ಪುಸ್ತಕವನ್ನೇ ನೋಡಿ, 'ಡೆವಿಲ್ ಇನ್ ವಿಂಟರ್'. ಈವಿ ಎಂಬ ತೊದಲುವ ಹುಡುಗಿ. ಅಪ್ಪ ಜೂಜಿನ ಕ್ಲಬ್ಬಿನ ಯಜಮಾನ, ಕ್ಷಯದಿಂದ ಸಾಯುತ್ತಿದ್ದಾನೆ. ದುಡ್ಡಿನ ಆಸೆಗೆ ನೆಂಟರು ಅವಳನ್ನು ಹೊಡೆದು ಬಡಿದು ಕೂಡಿ ಹಾಕಿದ್ದಾರೆ. ಅವಳು ತಪ್ಪಿಸಿಕೊಂಡು, ಒಬ್ಬಳೇ, ಊರಿಗೇ ಕೆಟ್ಟವನ ಮನೆಗೆ ಹೋಗಿ ತಾನೇ ಮದುವೆ ಪ್ರಸ್ತಾಪ ಮಾಡುತ್ತಾಳೆ. ನಿನಗೆ ದುಡ್ಡು ಬೇಕು, ನನಗೆ ರಕ್ಷಣೆ ಬೇಕು. ಅವತ್ತೇ ಇಬ್ಬರೂ ಸ್ಕಾಟ್ಲೆಂಡಿನ ಗ್ರೆಟ್ನಾ ಗ್ರೀನ್‌ಗೆ ಗಾಡಿ ಓಡಿಸುತ್ತಾರೆ. ಯಾಕೆ ಅಲ್ಲಿಗೆ? 1753ರಲ್ಲಿ ಬಂದ ಇಂಗ್ಲೆಂಡಿನ ಕಾಯ್ದೆ ಪ್ರಕಾರ ಚರ್ಚಿನಲ್ಲಿ ಮೂರು ಭಾನುವಾರ ಮದುವೆಯನ್ನು ಸಾರಬೇಕು, ಇಲ್ಲವೇ ಲೈಸೆನ್ಸ್ ತರಬೇಕು. ಇಪ್ಪತ್ತೊಂದು ತುಂಬದವರು ಹಿರಿಯರನ್ನು ಮೀರುವ ಹಾಗಿರಲಿಲ್ಲ. ಸ್ಕಾಟ್ಲೆಂಡಿಗೆ ಆ ಕಾಯ್ದೆ ಇರಲಿಲ್ಲ. ಗಡಿ ದಾಟಿದ ಕೂಡಲೇ ಸಿಗುವ ಊರು ಗ್ರೆಟ್ನಾ. ಅಲ್ಲಿ ಕಮ್ಮಾರನೇ ಕಬ್ಬಿಣ ಬಡಿಯುವ ಅಡಿಗಲ್ಲಿನ ಮುಂದೆ ನಿಲ್ಲಿಸಿ ಮದುವೆ ಮಾಡಿಸುತ್ತಿದ್ದ. ಚಳಿಗಾಲದ ಆ ಗಾಡಿ ಪ್ರಯಾಣದ ಅಧ್ಯಾಯಗಳು ನನಗೆ ಬಾಯಿಪಾಠ. ನಿದ್ದೆ ಇಲ್ಲ, ಮೈಕೈ ನೋವು, ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇಲ್ಲ. ಆದರೂ ಆ ಸ್ವಾರ್ಥಿ ಮನುಷ್ಯ ಅವಳ ಕಾಲು ಬೆಚ್ಚಗಿದೆಯಾ ಅಂತ ನೋಡಿಕೊಳ್ಳುತ್ತಾನೆ. ಅಲ್ಲಿಂದಲೇ ಅವನು ಬದಲಾಗಲು ಶುರು.

ನೀವು ಇಂಜಿನಿಯರಿಂಗ್ ಅಂದದ್ದಕ್ಕೆ ಇನ್ನೊಂದು. ಹನ್ನೊಂದು ವರ್ಷ ಬಿಟ್ಟು, 2017ರಲ್ಲಿ, ಕ್ಲೇಪಸ್ ಇದೇ ದಂಪತಿಯ ಮಗನ ಕಥೆ ಬರೆದರು, 'ಡೆವಿಲ್ ಇನ್ ಸ್ಪ್ರಿಂಗ್'. ಕಥೆಯ ಕಾಲ 1876. ನಾಯಕಿ ಪ್ಯಾಂಡೊರಾ ಬೋರ್ಡ್ ಗೇಮ್ ಮಾಡುವವಳು. ದೊಡ್ಡ ಅಂಗಡಿಯೊಂದರಲ್ಲಿ ಶಾಪಿಂಗ್ ಮಾಡುವ ಆಟವನ್ನು ತಾನೇ ಕಟ್ಟಿದ್ದಾಳೆ, ಸ್ವಂತ ಕಂಪನಿ ಮಾಡಬೇಕಂತಿದ್ದಾಳೆ. ಒಂದು ಬಾಲ್‌ನಲ್ಲಿ ಗೆಳತಿಯ ಕಿವಿಯೋಲೆ ಹುಡುಕಲು ಹೋಗಿ ಕೆತ್ತನೆಯ ಬೆಂಚೊಂದರ ಸಂದಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾಳೆ. ಬಿಡಿಸಲು ಬಂದವನ ಜೊತೆ ಜನರ ಕಣ್ಣಿಗೆ ಬೀಳುತ್ತಾಳೆ. ಮರ್ಯಾದೆ ಉಳಿಯಬೇಕಾದರೆ ಮದುವೆ ಆಗಲೇಬೇಕು. ಹುಡುಗ ಒಳ್ಳೆಯವನು, ಮುಂದೆ ಡ್ಯೂಕ್ ಆಗುವವನು. ಅವಳು ಒಲ್ಲೆ ಅನ್ನುತ್ತಾಳೆ! ಮದುವೆಯಾದರೆ ಕಾನೂನಿನ ಕಣ್ಣಿನಲ್ಲಿ ನನ್ನ ಕಂಪನಿ ನನ್ನದಲ್ಲ ಅಂತ. ಅವಳು ಹೇಳುವುದು ನಿಜ. 1870ರ ಕಾಯ್ದೆ ಹೆಂಡತಿಗೆ ಬಿಟ್ಟದ್ದು ಮುಖ್ಯವಾಗಿ ಅವಳ ದುಡಿಮೆಯ ಸಂಬಳವನ್ನು. ಆಸ್ತಿ ಪೂರ್ತಿ ಅವಳದು ಅಂತ ಆದದ್ದು 1882ರ ಕಾಯ್ದೆಯಿಂದ. ಇಬ್ಬರು ಪ್ರೇಮಿಗಳು ಕೂತು ಆಸ್ತಿ ಕಾನೂನು ಚರ್ಚಿಸುವ ಪುಟಗಳು ಇಷ್ಟು ಮುದ್ದಾಗಿರುತ್ತವೆ ಅಂತ ನಾನು ಅಂದುಕೊಂಡಿರಲಿಲ್ಲ. ನಿಮ್ಮ ಹೆಸರಿನಲ್ಲಿ ಒಂದು ಬ್ಯಾಂಕ್ ಖಾತೆ ಇದೆಯಲ್ವಾ? ಅದನ್ನು ಒಮ್ಮೆ ನೆನೆದು ಓದಿ.

ಇನ್ನೊಂದು ಮಾತು. ಆ ಪುಸ್ತಕದಲ್ಲಿ ಈವಿ ಮತ್ತು ಸೇಂಟ್ ವಿನ್ಸೆಂಟ್ ಮಧ್ಯವಯಸ್ಸು ದಾಟಿದ ಗಂಡ ಹೆಂಡತಿಯಾಗಿ ಬರುತ್ತಾರೆ. ಮಕ್ಕಳು ದೊಡ್ಡವರಾಗಿದ್ದಾರೆ. ಅವನು ಈಗಲೂ ಅವಳು ಕೋಣೆಯೊಳಗೆ ಬಂದರೆ ಮಾತು ನಿಲ್ಲಿಸಿ ನೋಡುತ್ತಾನೆ. ಅವರಿಗೆ ವಯಸ್ಸಾಗುವಾಗ ಓದುವ ನಮಗೂ ಆಗಿತ್ತು.

ಮಗಳು ಒಂಬತ್ತನೇ ಕ್ಲಾಸು. ಓದಲು ಕೊಡಬಹುದಾ? (ಶಿವಮೊಗ್ಗದ ತಾಯಿ)

ಕ್ಲೇಪಸ್, ಕ್ವಿನ್, ಬ್ಯಾಲಗ್ ಬೇಡ. ಮಲಗುವ ಕೋಣೆಯ ದೃಶ್ಯಗಳು ಬಿಚ್ಚಿ ಬರೆದಿರುತ್ತವೆ, ದೊಡ್ಡವರಿಗೆ ಬರೆದ ಪುಸ್ತಕಗಳು. ಹೇಯರ್ ಕೊಡಿ. ಅವುಗಳಲ್ಲಿ ಕೊನೆಯ ಪುಟದಲ್ಲಿ ಒಂದು ಮುತ್ತು ಇದ್ದರೆ ಹೆಚ್ಚು. ಸಾಲ ಕೊಡುವ ಯಹೂದಿಯ ವಿಷಯ ಮೇಲೆ ಹೇಳಿದ್ದೇನಲ್ಲ, ಅಂಥ ಪುಟ ಬಂದಾಗ ಪಕ್ಕ ಕೂತು ಅವಳ ಜೊತೆ ಮಾತಾಡಿ.

ಬಸ್ಸಿನಲ್ಲಿ ಓದಲು ಮುಜುಗರ, ಕವರ್ ಚಿತ್ರ ಹಾಗಿರುತ್ತದೆ. ಮನೆಯಲ್ಲೂ ನಗುತ್ತಾರೆ. (ಹೆಸರು ಬೇಡ ಎಂದಿದ್ದಾರೆ)

ಕವರ್‌ಗೆ ಕ್ಯಾಲೆಂಡರ್ ಹಾಳೆಯ ಹೊದಿಕೆ ಹಾಕಿ, ಶಾಲೆ ಪುಸ್ತಕಕ್ಕೆ ಹಾಕುತ್ತಿದ್ದೆವಲ್ಲ ಹಾಗೆ. ಆದರೆ ನಗುವವರ ಮುಂದೆ ಸಣ್ಣಗಾಗಬೇಡಿ. ಕೊಲೆಯ ಕಥೆ ಓದುವವರನ್ನು ಯಾರೂ ನಗುವುದಿಲ್ಲ. ಕೊಲೆಗಾರ ಸಿಕ್ಕೇ ಸಿಗುತ್ತಾನೆ ಅಂತ ಅಲ್ಲೂ ಗೊತ್ತಿರುತ್ತದೆ. ಹೆಂಗಸರು ಬರೆದು, ಹೆಂಗಸರು ಓದಿ, ಹೆಂಗಸಿಗೆ ಸುಖವಾಗುವ ಕಥೆ ಅಂದ ಕೂಡಲೇ ಅದು ಹಗುರ ಅನ್ನುವವರು ಒಂದಾದರೂ ಪುಸ್ತಕವನ್ನು ಪೂರ್ತಿ ಓದಿರುವುದಿಲ್ಲ. ಮಾನಸಿಕ ಗಾಯ, ಕುರುಡುತನ, ತೊದಲು, ಗಂಡನಿಲ್ಲದ ಹೆಂಗಸಿನ ಬಾಳು, ಇವನ್ನು ಇಷ್ಟು ಪ್ರೀತಿಯಿಂದ ನೋಡುವ ಬರವಣಿಗೆ ನಾಚಿಕೆಯ ವಿಷಯವಲ್ಲ.

ಕನ್ನಡದಲ್ಲಿ ಇಂಥ ಸರಣಿ ಇದೆಯಾ? (ಚಿತ್ರದುರ್ಗದಿಂದ)

ನಿಮ್ಮ ಊರಿಂದಲೇ ಈ ಪ್ರಶ್ನೆ ಬಂದಿದೆಯಲ್ಲ! ಐತಿಹಾಸಿಕ ಸರಣಿ ಅಂದರೆ ಕನ್ನಡದಲ್ಲಿ ಮೊದಲು ನೆನಪಾಗುವುದು ತ.ರಾ.ಸು. ಅವರ ದುರ್ಗದ ಕಾದಂಬರಿಗಳೇ. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಮೂರನ್ನೂ ಒಟ್ಟಿಗೆ ಓದಬೇಕು. ದಳವಾಯಿ ಮುದ್ದಣ್ಣನ ಸಂಚು ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ. ಕೊನೆಯದು 1982ರ 'ದುರ್ಗಾಸ್ತಮಾನ', ಮದಕರಿ ನಾಯಕನ ಕೋಟೆ 1779ರಲ್ಲಿ ಹೈದರಾಲಿಯ ಕೈಗೆ ಬಿದ್ದ ಕಥೆ. ಅದಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದನ್ನು ನೋಡಲು ತ.ರಾ.ಸು. ಇರಲಿಲ್ಲ.

ಸರಣಿಯ ಸುಖ ಇಲ್ಲಿ ಖಂಡಿತ ಇದೆ. ಅದೇ ಬೆಟ್ಟ, ಅದೇ ಬಾಗಿಲು, ಅದೇ ದೇವರು, ತಲೆಮಾರು ಮಾತ್ರ ಬದಲು. ಆದರೆ ಪ್ರೇಮಕಾದಂಬರಿ ಅಂತ ಹೇಳಲಾರೆ. ನಮ್ಮ ಐತಿಹಾಸಿಕ ಕಾದಂಬರಿಗಳಲ್ಲಿ ಪ್ರೀತಿ ಬಂದರೆ ಹಿಂದೆಯೇ ಕತ್ತಿಯೋ ಚಿತೆಯೋ ಬರುತ್ತದೆ. ಕೆ.ವಿ. ಅಯ್ಯರ್ ಅವರ 'ಶಾಂತಲಾ' ಓದಿ ಅಳದವರು ಯಾರು? ನನಗೆ ಒಂದು ಆಸೆ ಇದೆ. ಕೆಳದಿಯಲ್ಲೋ ಹಂಪಿಯ ಪೇಟೆಯಲ್ಲೋ ನಡೆಯುವ ಕಥೆ. ಕುದುರೆ ವ್ಯಾಪಾರಿಯ ಮಗಳು, ಶಾಸನ ಕೆತ್ತುವವನು, ಅವಳ ಅಣ್ಣ ತಮ್ಮಂದಿರು, ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ. ಯಾರೂ ಸಾಯಬಾರದು. ಎಲ್ಲರೂ ಮುಂದಿನ ಪುಸ್ತಕದ ಜಾತ್ರೆಯಲ್ಲಿ ಮಕ್ಕಳ ಸಮೇತ ಸಿಗಬೇಕು. ಬರೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಮೊದಲ ಪ್ರತಿ ನನಗೆ ಬೇಕು.

ಸರ್ವೈವರ್ಸ್ ಕ್ಲಬ್ಬಿನ ಮೂರನೆಯ ಪುಸ್ತಕ ಎಲ್ಲೂ ಸಿಗುತ್ತಿಲ್ಲ. ಬಿಟ್ಟು ಮುಂದಕ್ಕೆ ಹೋಗಲಾ, ಕಾಯಲಾ? (ಮೈಸೂರಿನಿಂದ)

ಮುಂದಕ್ಕೆ ಹೋಗಿ. ಮೂರನೆಯದು 'ದಿ ಎಸ್ಕೇಪ್', ಕಾಲು ನಜ್ಜುಗುಜ್ಜಾದ ಬೆನ್‌ನ ಕಥೆ. ಸಾಕಷ್ಟು ಭಾಗ ವೇಲ್ಸ್‌ನಲ್ಲಿ ನಡೆಯುವುದರಿಂದ ಉಳಿದವುಗಳಿಂದ ಸ್ವಲ್ಪ ದೂರವೇ ನಿಲ್ಲುತ್ತದೆ, ಆಮೇಲೆ ಓದಿದರೂ ನಡೆಯುತ್ತದೆ. ಆದರೆ ನಾಲ್ಕನೆಯದು ಓದದೆ ಏಳನೆಯದಕ್ಕೆ ಕೈ ಹಾಕಬೇಡಿ, ಕಾರಣ ಮೇಲೆ ಹೇಳಿದ್ದೇನೆ. ಬೆಂಗಳೂರಿಗೆ ಬಂದರೆ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ರೊಮ್ಯಾನ್ಸ್ ಕಪಾಟಿನ ಕೆಳಗಿನ ಸಾಲನ್ನು ಬಗ್ಗಿ ನೋಡಿ. ಬ್ಯಾಲಗ್ ಪುಸ್ತಕಗಳು ನನಗೆ ಯಾವಾಗಲೂ ಅಲ್ಲೇ ಸಿಕ್ಕಿವೆ. ಅಲ್ಲೂ ಇಲ್ಲದಿದ್ದರೆ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ, ನನ್ನ ಪ್ರತಿ ಕಳಿಸುತ್ತೇನೆ. ಅಂಚಿನಲ್ಲಿ ಪೆನ್ಸಿಲ್ ಗುರುತುಗಳಿವೆ, ಅಳಿಸಬೇಡಿ. ಓದಿದ ಮೇಲೆ ವಾಪಸ್ ಬೇಕು.